ತೊಲೆಪನ ಬಾವಿಗೆ ತಳ

ಓತೆಗೆನ್ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ನಮ್ಮ ಮಂಗಿಸ್ತಾವ್ ಬಯಲಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಆಡಿಕೊಂಡರೆ ತಪ್ಪೇನು? ಗುಡಾರ ಹಾಕಿ ಗೂಟ ಬಡಿದು ಮುಗಿಯುವ ಮೊದಲೇ "ಆ ಕಡೆ ಗಾಳಿ ಚೆನ್ನಾಗಿದೆ" ಎಂದು ಕೀಳಲು ನಿಲ್ಲುತ್ತಿದ್ದ. ಮಾತು ಶುರು ಮಾಡಿ ಅರ್ಧಕ್ಕೇ ಬಿಟ್ಟು ಬಾಗಿಲಿನತ್ತ ನೋಡುತ್ತಿದ್ದ. ನಮಾಜಿಗೆ ಮೊಣಕಾಲೂರಿದಾಗಲೂ ಅವನ ಬೆರಳು ನೆಲ ಕೆರೆಯುತ್ತಿತ್ತು. ಕೆಳಗೇನಿದೆಯೋ ಎಂಬ ಚಿಂತೆ. ಕಸುಬೂ ಅದಕ್ಕೆ ತಕ್ಕದ್ದೇ ಸಿಕ್ಕಿತ್ತು, ಬಾವಿ ತೋಡುವುದು. ಇಂಥವನನ್ನು ಕಟ್ಟಿಕೊಂಡ ಬಾಲ್ಜಾನ್ ಮಾತ್ರ ಸಿಡಿಲು ಬಿದ್ದರೂ ಹಿಟ್ಟು ನಾದುವುದನ್ನು ಮುಗಿಸಿಯೇ ಏಳುವ ಹೆಂಗಸು. ಅವಳಿಲ್ಲದಿದ್ದರೆ ಅವನು ತೋಡುತ್ತ ತೋಡುತ್ತ ಭೂಮಿಯ ಆಚೆ ಬದಿಗೆ ಹೋಗಿ ಬೀಳುತ್ತಿದ್ದ.

ನಮ್ಮ ನೆಲ ಒಂದು ಕಾಲಕ್ಕೆ ಕಡಲ ತಳವಾಗಿತ್ತು. ಇದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಮನೆ ಕಟ್ಟಿದ ಕಲ್ಲಿನಲ್ಲೇ ಚಿಪ್ಪು ಕಾಣುತ್ತದೆ. ಕೂಸಿಗೆ ದೃಷ್ಟಿಯಾಗದಿರಲೆಂದು ತೊಟ್ಟಿಲಿಗೆ ಕಟ್ಟುವುದು ಬಯಲಿನಲ್ಲಿ ಸಿಕ್ಕಿದ ಶಾರ್ಕ್ ಹಲ್ಲು. ಬಾವಿ ತೋಡುವವನು ಆ ತಳವನ್ನು ಪದರ ಪದರವಾಗಿ ಇಳಿಯುತ್ತಾನೆ. ಮೇಲೆ ಚಿಪ್ಪುಗಲ್ಲು, ಅಲೆ ಬಡಿದು ಪುಡಿ ಮಾಡಿ ಗುಡ್ಡೆ ಹಾಕಿದ್ದು. ಅದರ ಕೆಳಗೆ ಸುಣ್ಣದಂಥ ಬಿಳಿ ಮಣ್ಣು. ಅದಕ್ಕೂ ಕೆಳಗೆ ನೀಲಿ ಜೇಡಿ. ಅಲೆ ಮುಟ್ಟದ ಆಳದಲ್ಲಿ, ನೀರು ಮಿಸುಕದೆ ನಿಂತಿದ್ದಾಗ ಕೂತದ್ದು ಅದು, ಬೆಣ್ಣೆಯಷ್ಟು ನುಣುಪು. ಮಳೆಯದೋ ಹಿಮದ್ದೋ ನೀರು ಸೋರಿ ಇಳಿದು ಆ ಜೇಡಿಯ ಮೇಲೆ ನಿಲ್ಲುತ್ತದೆ. ಅದೇ ನಮ್ಮ ಸಿಹಿನೀರು. ಜೇಡಿಯ ಕೆಳಗಿನ ಮರಳಿನಲ್ಲಿರುವುದು ಹಳೆಯ ಕಡಲು ಬಿಟ್ಟುಹೋದ ನೀರು. ಅದನ್ನು ಒಂಟೆ ಗತಿಯಿಲ್ಲದೆ ಕುಡಿಯುತ್ತದೆ, ಕುರಿ ಕುಡಿದರೆ ಭೇದಿಯಾಗಿ ಸಾಯುತ್ತದೆ, ಮನುಷ್ಯ ಉಗುಳುತ್ತಾನೆ. ಆದ್ದರಿಂದ ನೀಲಿ ಜೇಡಿ ಕಂಡ ಕೂಡಲೇ ಹಾರೆ ಕೆಳಗಿಡಬೇಕು. ಬಾವಿ ತೋಡುವ ಅಪ್ಪ ಮಗನಿಗೆ ಹೇಳುವ ಮೊದಲ ಮಾತು ಇದು.

ಓತೆಗೆನನಿಗೆ ಅದನ್ನು ಗದರಿ ಹೇಳಲು ಅಪ್ಪ ಇರಲಿಲ್ಲ. ಅಪ್ಪ ತೊಲೆಪ್ ಯುದ್ಧಕ್ಕೆ ಹೋದವನು ಹೋದವನೇ. ಎಲ್ಲಿ ಸತ್ತ, ಯಾರು ಮಣ್ಣು ಮಾಡಿದರು, ಮಾಡಿದರೋ ನಾಯಿನರಿಗೆ ಬಿಟ್ಟರೋ, ಒಂದೂ ಗೊತ್ತಿಲ್ಲ. ನಮ್ಮವರ ಗೋರಿಗಳ ನಡುವೆ ಅವನಿಗೊಂದು ಕಲ್ಲೂ ಇಲ್ಲ. ಸತ್ತವರ ಹೆಸರಿಗೆ ಬಾವಿ ತೋಡುವುದು ನಮ್ಮಲ್ಲಿ ಉಂಟು. ಕುಡಿದ ದಾರಿಹೋಕ ಮುಖದ ಮೇಲೆ ಅಂಗೈ ಸವರಿಕೊಂಡು "ಇಂಥವನ ಆತ್ಮ ತಂಪಾಗಿರಲಿ" ಎನ್ನುತ್ತಾನೆ. ಗೋರಿಯಿಲ್ಲದವನಿಗೆ ಅದಕ್ಕಿಂತ ಒಳ್ಳೆಯ ಗೋರಿ ಯಾವುದಿದೆ? ಮದುವೆಯಾದ ವರ್ಷವೇ ಓತೆಗೆನ್ ತನ್ನ ಮೊದಲ ಬಾವಿಯನ್ನು ಅಪ್ಪನ ಹೆಸರಿಗೆ ತೋಡಲು ಹೊರಟ.

ಜೇಡಿ ಸಿಕ್ಕಿತು. ಅದರ ಮೇಲೆ ಮೊಣಕಾಲಿನಷ್ಟು ನೀರೂ ನಿಂತಿತು. ಮೇಲೆ ಒಂಟೆಯ ಮೂಗುದಾರ ಹಿಡಿದು ತೊಗಲಿನ ಬಕೆಟ್ಟು ಎಳೆಸುತ್ತಿದ್ದ ಬಾಲ್ಜಾನ್ ಒಂದು ಗುಟುಕು ಕುಡಿದು ನೋಡಿ ಬಾವಿಯೊಳಗೆ ಕೂಗಿದಳು.

"ಸಿಹಿ ಇದೆ ಯಜಮಾನ್ರೇ! ಸಾಕು, ಹತ್ತಿ ಬನ್ನಿ!"

"ಮೊಣಕಾಲಿನಷ್ಟು ನೀರು ಯಾವನಿಗೆ ಸಾಲುತ್ತೆ? ನಮ್ಮಪ್ಪನ ಹೆಸರಿಗೆ ಇಷ್ಟೇನಾ?"

"ಇವತ್ತು ಮೊಣಕಾಲು, ನಾಳೆ ಸೊಂಟ. ಸ್ವಲ್ಪ ಕಾಯಬಾರ್ದಾ?"

"ಇನ್ನೊಂದೇ ಒಂದು ಮೊಳ ಕಣೇ!"

ಆ ಒಂದು ಮೊಳದಲ್ಲಿ ಎಲ್ಲ ಹೋಯಿತು. ಹಾರೆ ಜೇಡಿಯನ್ನು ತೂತು ಮಾಡಿತು, ಕೆಳಗಿನಿಂದ ನೀರು ಭುಸ್ಸೆಂದು ಎದ್ದಿತು. ಅವನು ಹಗ್ಗ ಹಿಡಿದು ಮೇಲೆ ಬರುವಷ್ಟರಲ್ಲಿ ಅದು ಅವನ ಹಿಮ್ಮಡಿಯನ್ನೇ ಅಟ್ಟಿಸಿಕೊಂಡು ಬಂದು ಬಾವಿಯ ಅರ್ಧಕ್ಕೆ ನಿಂತಿತು. ಅಷ್ಟು ನೀರನ್ನು ಬಯಲಿನಲ್ಲಿ ಯಾರೂ ಕಂಡಿರಲಿಲ್ಲ. ಓತೆಗೆನ್ ಮೈಯೆಲ್ಲ ಜೇಡಿ ಮೆತ್ತಿಕೊಂಡು ಕುಣಿದಾಡಿದ. "ಅಪ್ಪ ಕೊಟ್ಟ! ನಮ್ಮಪ್ಪ ಕೊಟ್ಟ!" ಅವನ ಸಂಭ್ರಮ ನೋಡಿ ಉಳಿದವರಿಗೂ ತಲೆ ತಿರುಗಿತು. ಕುರಿ ಕಡಿದು ನೆಲಕ್ಕೆ ರಕ್ತ ಬಿಟ್ಟರು. ಬಯಲಿನ ಹಿರಿಯ ಕುರಿಗಾಹಿ ಇಜ್ಬಾಸರ್ ಎದ್ದು ನಿಂತು ಎಲ್ಲರಿಗೂ ಕೇಳುವಂತೆ "ಇವತ್ತಿಂದ ಇದು ತೊಲೆಪನ ಬಾವಿ" ಎಂದು ಹೆಸರಿಟ್ಟ. ಆಮೇಲೆ, ಹಿರಿಯನಾದ್ದರಿಂದ, ಮೊದಲ ಬಟ್ಟಲು ಅವನೇ ಎತ್ತಿದ. ಕುಡಿದ, ಉಗುಳಿದ.

ರುಚಿ ನೋಡಿ ಹೆಸರಿಡುವ ಬುದ್ಧಿ ಅಷ್ಟು ಜನರಲ್ಲಿ ಒಬ್ಬರಿಗಾದರೂ ಬರಬಾರದಿತ್ತೇ? ಬರಲಿಲ್ಲ. ರಕ್ತ ಬಿಟ್ಟು ಇಟ್ಟ ಹೆಸರನ್ನು ವಾಪಸು ತೆಗೆಯುವಂತಿಲ್ಲ. ಬಾವಿ ಮುಚ್ಚುವುದಂತೂ ಮಹಾಪಾಪ. ಹೀಗೆ ಆ ಕಹಿಬಾವಿ ದಾರಿಯ ಪಕ್ಕ ಬಾಯಿ ತೆರೆದುಕೊಂಡು, ತೊಲೆಪನ ಹೆಸರು ಹೊತ್ತುಕೊಂಡು ಉಳಿಯಿತು. ಬಿಸಿಲಲ್ಲಿ ಬಳಲಿ ಬಂದವರು ಒಂದು ಗುಟುಕು ಕುಡಿದು "ತೊಲೆಪನ ಬಾಯಿಗೆ ಉಪ್ಪು ಬೀಳಲಿ" ಎಂದು ಶಪಿಸಿ ಹೋಗುತ್ತಿದ್ದರು. ಇಜ್ಬಾಸರನ ಕುರಿಗಳು ಒಂದು ಬೇಸಗೆಯಲ್ಲಿ ದಾಹ ತಾಳಲಾರದೆ ಅಲ್ಲಿಗೆ ನುಗ್ಗಿ ಕುಡಿದು ಸಾಲು ಸಾಲಾಗಿ ಸತ್ತವು. ಅಂದಿನಿಂದ ಆ ಮುದುಕನಷ್ಟು ಗಟ್ಟಿಯಾಗಿ ತೊಲೆಪನನ್ನು ಶಪಿಸುವವರು ಇನ್ನೊಬ್ಬರಿರಲಿಲ್ಲ. ಎಲ್ಲೋ ಸತ್ತು ಬಿದ್ದವನಿಗೆ ಊರಿಂದ ಹೋಗುತ್ತಿದ್ದ ಬುತ್ತಿ ಇದು.

ಓತೆಗೆನ್ ಆಮೇಲೆ ಬೇಕಾದಷ್ಟು ಬಾವಿ ತೋಡಿದ. ಎಲ್ಲ ಸಿಹಿ. ಬಾಲ್ಜಾನ್ "ಸಾಕು" ಎಂದ ಕೂಡಲೇ ಹಾರೆ ಎಸೆದು ಹತ್ತಿ ಬರುತ್ತಿದ್ದ. ಅವುಗಳಿಗೆಲ್ಲ ಬೇರೆಯವರ ಅಪ್ಪಂದಿರ ಹೆಸರು ಬಂತು. ಒಮ್ಮೆ ಧೈರ್ಯ ಮಾಡಿ "ಇದಕ್ಕೆ ನಮ್ಮಪ್ಪನ ಹೆಸರಿಡೋಣವೇ" ಎಂದು ಕೇಳಿದ್ದಕ್ಕೆ, ತೋಡಿಸಿದವನು ಗಾಬರಿಯಾಗಿ "ಬೇಡಪ್ಪಾ, ಆ ಹೆಸರು ಕೇಳಿದ್ರೇ ನಮ್ಮ ಕುರಿಗೆ ಹೊಟ್ಟೆನೋವು ಬರುತ್ತೆ" ಎಂದ. ಇನ್ನೊಮ್ಮೆ ಯಾರದೋ ಮದುವೆ. ಚಹಾ ಚೆನ್ನಾಗಿರಲಿಲ್ಲ. ಎದುರಿಗೆ ಕೂತ ಹರೆಯದವನೊಬ್ಬ ಬಟ್ಟಲು ಕೆಳಗಿಟ್ಟು "ಏನಿದು, ತೊಲೆಪನ ಮನೆ ಚಹಾನಾ?" ಎಂದ. ಎಲ್ಲರೂ ನಕ್ಕರು. ಆ ಹುಡುಗನಿಗೆ ತೊಲೆಪ್ ಒಬ್ಬ ಮನುಷ್ಯ ಎಂಬುದೇ ಗೊತ್ತಿರಲಿಲ್ಲ. ಕೆಟ್ಟ ರುಚಿಗೆ ಅದೊಂದು ಹೆಸರು, ಅಷ್ಟೇ. ಓತೆಗೆನ್ ಎದ್ದು ಹೊರಗೆ ಬಂದವನು ಒಂಟೆಯನ್ನೂ ಮರೆತು ನಡೆದುಕೊಂಡೇ ಮನೆ ಸೇರಿದ. ಎದೆಯೊಳಗೆ ಯಾರೋ ಕೂತು ಹಾರೆ ಹಾಕುತ್ತಿದ್ದಂತೆ ಅವನಿಗೆ ಅನ್ನಿಸುತ್ತಿತ್ತು. ಒಂದು ಕಡೆ ಕೂತರೆ ಆ ಸದ್ದು ಜಾಸ್ತಿ ಕೇಳುತ್ತಿತ್ತು, ಅದಕ್ಕೇ ಅವನು ಕೂರುತ್ತಿರಲಿಲ್ಲ.

ಹೀಗಿರುವಾಗ ನೆಲದಡಿಯ ಎಣ್ಣೆ ಹುಡುಕುವ ತಂಡವೊಂದು ಬಯಲಿಗೆ ಬಂತು. ಅದರಲ್ಲಿ ಆಲ್ಮಾತಿ ಪಟ್ಟಣದಲ್ಲಿ ಓದಿದ ರೌಶಾನ್ ಎಂಬ ಹೆಣ್ಣುಮಗಳಿದ್ದಳು. ಕಲ್ಲುಮಣ್ಣಿನ ಶಾಸ್ತ್ರ ಅವಳ ಕೆಲಸ. ಓತೆಗೆನ್ ತೋಡುತ್ತಿದ್ದ ಬಾವಿಯ ಪಕ್ಕ ಬಕೆಟ್ಟಿನ ತಳಕ್ಕೆ ಅಂಟಿ ಬಂದ ಒಂದಿಷ್ಟು ನೀಲಿ ಜೇಡಿ ಕಂಡು ಜೀಪು ನಿಲ್ಲಿಸಿದಳು. ಚಿಟಿಕೆ ಜೇಡಿ ತೆಗೆದು ಹಲ್ಲಿನ ನಡುವೆ ಇಟ್ಟು ಅಗಿದಳು. ಅದನ್ನು ನೋಡಿ ಬಾಲ್ಜಾನಳಿಗೆ ಅವಳ ಮೇಲೆ ಪ್ರೀತಿ ಹುಟ್ಟಿತು. ಕರೆದು ಕೂರಿಸಿ ಒಂಟೆಹಾಲಿನ ಚಹಾ, ಕರಿದ ಹಿಟ್ಟಿನುಂಡೆ ಕೊಟ್ಟಳು.

"ಇದು ಹೇಗೆ ಕೂತಿದ್ದು ಗೊತ್ತಾ ಅಣ್ಣಾ?" ಎಂದಳು ರೌಶಾನ್, ಬೆರಳಲ್ಲಿ ಜೇಡಿ ಹೊಸೆಯುತ್ತ.

"ಹೇಗೋ ಕೂತಿತು. ಕೂರೋರ ಸುದ್ದಿ ನನಗ್ಯಾಕೆ ತಂಗೀ?" ಎಂದ ಓತೆಗೆನ್, ಗುಡಾರದ ಕಂಬಕ್ಕೆ ಒರಗಿ ಒಂಟಿಕಾಲಲ್ಲಿ ನಿಂತು.

"ನೀವು ಹೇಳಮ್ಮಾ. ಇವರು ನಿಂತೇ ಕೇಳ್ತಾರೆ," ಎಂದಳು ಬಾಲ್ಜಾನ್.

ರೌಶಾನ್ ಹೇಳಿದಳು. ನದಿಗಳು ಬೆಟ್ಟ ಸವೆಸಿ ಮಣ್ಣು ತಂದು ಕಡಲಿಗೆ ಸುರಿಯುತ್ತವೆ. ಗಾಳಿ ಮರುಭೂಮಿಯ ಧೂಳು ಹೊತ್ತು ತಂದು ನೀರಿನ ಮೇಲೆ ಉದುರಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರಲ್ಲಿ ಹುಟ್ಟಿ ಸಾಯುತ್ತವೆ, ಅವುಗಳ ಚಿಪ್ಪು ಇಳಿಯುತ್ತ ಇಳಿಯುತ್ತ ತಳ ಸೇರುತ್ತದೆ. ಬಿಳಿ ಮಣ್ಣು ಎಂದು ನಾವು ಅಗೆಯುವುದು ಅವನ್ನೇ. ಭಾರದ್ದು ದಡದ ಹತ್ತಿರವೇ ಬೀಳುತ್ತದೆ, ಹಗುರದ್ದು ದೂರ ಹೋಗಿ, ನೀರು ಸುಮ್ಮನಿರುವ ಕಡೆ ನೋಡಿಕೊಂಡು ಕೂರುತ್ತದೆ.

"ಕಡಲು ಏನನ್ನೂ ಎಸೆಯಲ್ಲ ಅಣ್ಣಾ. ಕೈಬಿಡುತ್ತೆ ಅಷ್ಟೇ. ಆಳದಲ್ಲಿ ಈ ಜೇಡಿ ಒಂದು ಬೆರಳು ದಪ್ಪ ಕೂರೋಕೆ ನಿಮ್ಮ ಏಳು ತಲೆಮಾರು ಸಾಲದು."

"ಏಳು ತಲೆಮಾರಾ?" ಓತೆಗೆನ್ ಎರಡೂ ಕಾಲೂರಿದ. ಅಜ್ಜ, ಮುತ್ತಜ್ಜ, ಅವನಪ್ಪ ಎಂದು ಏಳು ಹೆಸರು ಹೇಳಲು ಬಾರದವನನ್ನು ನಮ್ಮಲ್ಲಿ ಮನುಷ್ಯನೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಷ್ಟು ಜನ ಹುಟ್ಟಿ ಸಾಯುವಷ್ಟು ಕಾಲ ಕೂತದ್ದನ್ನು ತಾನು ಒಂದು ಏಟಿಗೆ ಒಡೆದಿದ್ದ. ತೊದಲುತ್ತ ಕೇಳಿದ. "ತೂತಾದ ತಳಾನ ಮತ್ತೆ ಕಟ್ಟೋಕೆ ಬರುತ್ತಾ ತಂಗೀ?"

ರೌಶಾನ್ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಅಣ್ಣಾ. ನಾವೂ ತೂತು ಮಾಡೋರೇ. ಆದ್ರೆ ಜೇಡಿ ಹೋಗಿ ಒತ್ತಾಗಿ ಕೂತ್ರೆ ನೀರು ನಿಲ್ಲುತ್ತೆ, ಅದಂತೂ ನಿಜ. ಕೂರಬೇಕು ಅಷ್ಟೇ."

ಜೀಪಿನ ಧೂಳು ಅಡಗುವ ಮೊದಲೇ ಓತೆಗೆನ್ ಗುಡಾರದ ಹಗ್ಗ ಬಿಚ್ಚತೊಡಗಿದ್ದ.

"ಎಲ್ಲಿಗೆ?" ಎಂದಳು ಬಾಲ್ಜಾನ್, ಗೊತ್ತಿದ್ದೂ.

"ಅಪ್ಪನ ಬಾವಿಗೆ."

ಬಾಲ್ಜಾನ್ ಮಾವನ ಹೆಸರನ್ನು ಬಾಯಲ್ಲಿ ಆಡುವಂತಿಲ್ಲ, ನಮ್ಮ ಸೊಸೆಯಂದಿರು ಯಾರೂ ಆಡುವುದಿಲ್ಲ. "ದೊಡ್ಡವರ ಬಾವಿಗಾ? ಸರಿ, ನಡೀರಿ," ಎಂದು ಎದ್ದಳು. ಇಷ್ಟು ವರ್ಷ ಸುತ್ತುಬಳಸಿ ತಪ್ಪಿಸಿಕೊಂಡ ಜಾಗಕ್ಕೆ ಗಂಡ ತಾನಾಗಿ ಹೊರಟದ್ದು ಅವಳಿಗೆ ಒಳಗೊಳಗೇ ಸಮಾಧಾನ ತಂದಿತ್ತು.

ಮೊದಲ ದಿನ ಅವನು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅಷ್ಟು ಕೇಳಿಸಿಕೊಂಡವನು ಕೊರಕಲಿನ ದಡದಲ್ಲಿ ಅಗೆದ ಜೇಡಿಯ ಹೆಂಟೆಗಳನ್ನು ಚೀಲಗಟ್ಟಲೆ ತಂದು ಧಡ್ ಧಡ್ ಎಂದು ಬಾವಿಗೆ ಎಸೆದ! ಹೆಂಟೆಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು, ಸಂದಿಸಂದಿಯಲ್ಲೂ ಕಹಿನೀರು ಗುಳುಗುಳು ಎಂದಿತು. ದಾರಿಯಲ್ಲಿ ಹೋಗುತ್ತಿದ್ದ ಇಜ್ಬಾಸರ್ ಕತ್ತೆಯ ಮೇಲಿಂದಲೇ ಬಗ್ಗಿ ನೋಡಿದ.

"ಏನೋ ಇದು, ಬಾವಿಗೆ ಹಿಟ್ಟಿನುಂಡೆ ತಿನ್ನಿಸ್ತಿದೀಯಾ? ಹೊಟ್ಟೆ ತುಂಬಿದ್ಮೇಲೆ ತೊಟ್ಟಿಲಲ್ಲಿ ಹಾಕಿ ತೂಗು!"

ಓತೆಗೆನ್ ಇನ್ನೊಂದು ಚೀಲ ಸುರಿದ. ಮುದುಕ ಹೋಗುವಾಗ ಎಂದಿನಂತೆ ಬಾವಿಯ ಕಡೆ ಉಗುಳಿ, ಎಂದಿನಂತೆ ತೊಲೆಪನ ಹೆಸರು ಹೇಳಿ ಶಪಿಸಿದ. ಮಗನ ಎದುರಿಗೇ.

ದಾರಿ ತೋರಿದ್ದು ಬಾಲ್ಜಾನಳ ಒಲೆ. ಒಲೆಗೆ ಸಾರಿಸಲು ಅವಳು ಜೇಡಿಯನ್ನು ಎರಡು ಪಾತ್ರೆಯಲ್ಲಿ ಕದಡಿ ಇಟ್ಟಿದ್ದಳು. ಒಂದರಲ್ಲಿ ಸಿಹಿನೀರು, ಹೊತ್ತು ತಂದ ನೀರು ಸಾಲದೆ ಇನ್ನೊಂದಕ್ಕೆ ಇದೇ ಬಾವಿಯ ಕಹಿನೀರು ಹಾಕಿದ್ದಳು. ರೊಟ್ಟಿ ಬೇಯಿಸಿ ಬಂದು ನೋಡಿದರೆ ಕಹಿನೀರಿನ ಪಾತ್ರೆ ತಿಳಿಯಾಗಿ, ತಳದಲ್ಲಿ ಜೇಡಿ ಚರ್ಮದಂತೆ ಹರಡಿ ಕೂತಿತ್ತು. ಸಿಹಿನೀರಿನದ್ದು ಮರುದಿನವೂ ನೀಲಿಯಾಗಿ ಕದಡಿಕೊಂಡೇ ಇತ್ತು. ಅವಳು ಮತ್ತೊಮ್ಮೆ ಕದಡಿಟ್ಟು ನೋಡಿದಳು. ಮತ್ತೆ ಹಾಗೆಯೇ ಆಯಿತು.

"ಯಜಮಾನ್ರೇ, ಇಲ್ಲಿ ಬನ್ನಿ. ಇದನ್ನ ನೋಡಿ."

"ಏನಿದೆ ನೋಡೋಕೆ? ಮಣ್ಣುನೀರು."

"ಕೂತ್ಕೊಂಡು ನೋಡಿ ಅಂದೆ. ನಮ್ಮ ಮಾನ ಕಳೆದ ನೀರೇ ಜೇಡೀನ ಬೇಗ ಕೂರಿಸ್ತಿದೆ. ಆ ಹುಡುಗಿ ಹೇಳಿಲ್ವಾ, ಕಡಲು ಎಸೆಯಲ್ಲ ಅಂತ? ನಾವೂ ಎಸೆಯೋದು ಬೇಡ. ಕದಡಿ ಇಳಿಸೋಣ. ಕಹಿನೀರು ಅದರ ಪಾಡಿಗೆ ಅದು ಕೂರಿಸ್ಕೊಳ್ಳುತ್ತೆ."

ಮುಂದೆ ರೌಶಾನ್ ಆ ದಾರಿಯಾಗಿ ಬಂದಾಗ ಈ ಮಾತು ಕೇಳಿ ಚಪ್ಪಾಳೆ ತಟ್ಟಿದಳು. "ನದಿ ಕಡಲು ಸೇರೋ ಕಡೆ ಆಗೋದೂ ಇದೇ ಅತ್ತಿಗೇ! ಉಪ್ಪು ತಾಗಿದ್ರೆ ಮಣ್ಣಿನ ಕಣ ಒಂದಕ್ಕೊಂದು ಅಂಟ್ಕೊಂಡು ಭಾರವಾಗಿ ಇಳೀತವೆ. ಓದಿದ್ದೆ, ಪಾತ್ರೆಯಲ್ಲಿ ನೋಡಿರ್ಲಿಲ್ಲ," ಎಂದಳು. ಬಾಲ್ಜಾನ್ ಒಂದು ತಿಂಗಳು ಆ ಪಾತ್ರೆಗಳನ್ನು ತೊಳೆಯಲಿಲ್ಲ.

ಗಂಡ ಹೆಂಡತಿ ಕಡಲಿನ ಕೆಲಸಕ್ಕೆ ಕೂತರು. ಕೂತರು ಎಂದರೆ, ಅವಳು ಕೂತಳು. ಮೊದಲು ತೂತಿನ ಮೇಲೆ ದಪ್ಪ ಕಲ್ಲು, ಅದರ ಮೇಲೆ ಚಿಪ್ಪಿನ ಚೂರು, ಆಮೇಲೆ ಮರಳು ಇಳಿಸಿದರು. ನಂತರ ಜೇಡಿ. ಅದನ್ನು ತೆಳ್ಳಗೆ ಕದಡಿ, ಸೋಸಿ, ತೊಗಲಿನ ಚೀಲಕ್ಕೆ ತುಂಬಿ, ಬಾಯಿಗೆ ಬೇರೊಂದು ದಾರ ಕಟ್ಟಿ ನೀರೊಳಗೆ ತಳದವರೆಗೂ ಬಿಡುವುದು. ಅಲ್ಲಿ ದಾರ ಎಳೆದರೆ ಬಾಯಿ ಬಿಚ್ಚಿಕೊಂಡು ಜೇಡಿ ಸದ್ದಿಲ್ಲದೆ ಹರಡುತ್ತದೆ. ನೀರು ತಿಳಿಯಾಗುವವರೆಗೆ ಕಾಯಬೇಕು. ತಿಳಿಯಾದ ಮೇಲೆ ಇನ್ನೊಂದು ಚೀಲ. ಹೀಗೆ ದಿನ ಹೋಯಿತು, ಬೇಸಗೆ ಹೋಯಿತು.

ಕಾಯುವುದು ಅಂದರೆ ಓತೆಗೆನನಿಗೆ ಚಿತ್ರಹಿಂಸೆ. ಬಾವಿಯ ಸುತ್ತ ತಿರುಗಿ ತಿರುಗಿ ನೆಲದಲ್ಲಿ ಗಾಣದೆತ್ತಿನ ಹಾದಿ ಬಿತ್ತು. ಎಷ್ಟು ದಪ್ಪ ಕೂತಿರಬಹುದು? ಕೂತಿದೆಯೋ ಇಲ್ಲವೋ? ಕೆಳಗೆ ಒಂದು ಮೂಲೆ ಬಿರಿದಿದ್ದರೆ? ಕಾಣದ ಜಾಗದಲ್ಲಿ ನಡೆಯುವ ಕೆಲಸವನ್ನು ನಂಬುವುದು ಅವನಿಗೆ ಬಾರದು. ಒಂದು ಮಧ್ಯಾಹ್ನ ಬಾಲ್ಜಾನ್ ಒಂಟೆ ಕರೆಯಲು ಹೋಗಿದ್ದಳು. ಅವನು ಗುಡಾರದ ಗಳುಗಳನ್ನು ಒಂದಕ್ಕೊಂದು ಕಟ್ಟಿ ಬಾವಿಗೆ ಇಳಿಸಿದ. ತುದಿಗೆ ಮೆತ್ತಗೆ ತಾಗಿತು. ಇನ್ನು ಸ್ವಲ್ಪ ಒತ್ತಿ ನೋಡೋಣ ಎಂದ. ಒತ್ತಿದ. ಕೆಳಗಿನಿಂದ ಒಂದು ಗುಳ್ಳೆ ಬಂತು, ಆಮೇಲೆ ಗುಳ್ಳೆಗಳ ಸಾಲೇ ಬಂತು, ಆಮೇಲೆ ಇಡೀ ಬಾವಿ ನೀಲಿಯಾಗಿ ಕದಡಿ ಕುದಿಯತೊಡಗಿತು. ಬೇಸಗೆಯಿಡೀ ಕೂತದ್ದು ಒಂದು ಗಳಿಗೆಯಲ್ಲಿ ಎದ್ದು ಮೇಲೆ ಬಂತು.

ಬಾಲ್ಜಾನ್ ಹಾಲಿನ ಪಾತ್ರೆ ಹಿಡಿದು ಬಂದವಳು ಗಂಡನ ಕೈಲಿದ್ದ ಒದ್ದೆ ಗಳುವನ್ನು ನೋಡಿದಳು, ಬಾವಿಯನ್ನು ನೋಡಿದಳು. ಅಷ್ಟು ವರ್ಷದ ಸಂಸಾರದಲ್ಲಿ ಅವಳು ದನಿ ಎತ್ತಿದ್ದು ಅದೇ ಮೊದಲು.

"ದೊಡ್ಡವರನ್ನ ಯುದ್ಧದಲ್ಲಿ ಕೊಂದೋನು ಯಾವನೋ ನನಗೆ ಗೊತ್ತಿಲ್ಲ. ಇಲ್ಲಿ ಕೊಲ್ತಿರೋದು ನೀವು! ಒಂದ್ಸಲ ಹಾರೆ ತಗೊಂಡು, ಇನ್ನೊಂದ್ಸಲ ಕೋಲು ತಗೊಂಡು! ಏನಾಗಿದೆ ನಿಮ್ಮ ಕೈಗೆ?"

ಓತೆಗೆನ್ ಕೋಲು ಕೆಳಗಿಟ್ಟ. ಅವಳು ಹೇಳಿದ್ದು ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

"ಈ ಚಳಿಗಾಲ ನೀವು ಇಲ್ಲಿರಬೇಡಿ," ಎಂದಳು ಅವಳು, ದನಿ ತಗ್ಗಿಸಿ. "ಇಜ್ಬಾಸರಜ್ಜನ ಕುರಿ ಜೊತೆ ಹೋಗಿ. ಹಿಮ ಕರಗೋವರೆಗೆ ಈ ಕಡೆ ತಲೆ ಹಾಕಬೇಡಿ. ಚೀಲ ನಾನು ಇಳಿಸ್ತೀನಿ."

"ಆ ಬಾಯಿಹರುಕನ ಜೊತೆಗಾ? ಅವನು ದಿನಾ ಅಪ್ಪನ್ನ ಬೈತಾನೆ ಕಣೇ."

"ಕೇಳಿಸ್ಕೊಳ್ಳಿ. ಕೇಳಿಸ್ಕೊಂಡು ಕೈಕಟ್ಟಿ ಇರೋದನ್ನ ಕಲೀರಿ."

ಹೋದ. ಕುರಿ ಹಿಂದೆ ನಡೆಯುವ ಕೆಲಸವಾದ್ದರಿಂದ ಕಾಲಿಗೆ ಹೇಗೋ ಹಿತವಾಯಿತು, ಮನಸ್ಸಿಗೆ ಆಗಲಿಲ್ಲ. ಯಾವ ಇಳಿಜಾರಿನಲ್ಲಿ ನಿಂತರೂ ಕತ್ತು ಬಾವಿಯ ದಿಕ್ಕಿಗೇ ತಿರುಗುತ್ತಿತ್ತು. ಗಾಳಿ ಎದ್ದರೆ, ಅಲ್ಲಿ ಬಾವಿಯ ಮೇಲೆ ಮುಚ್ಚಿದ ಚಾಪೆ ಹಾರಿತೇನೋ ಎನ್ನುವನು. ಎರಡು ಸಲ ಹೇಳದೆ ಕೇಳದೆ ಆ ಕಡೆ ಹೊರಟೇಬಿಟ್ಟಿದ್ದ. ಎರಡು ಸಲವೂ ಇಜ್ಬಾಸರ್ ಕತ್ತೆ ಅಡ್ಡ ನಿಲ್ಲಿಸಿ ಬೈದು ವಾಪಸು ಕರೆತಂದ.

"ನಿನ್ನ ಹೆಂಡತಿ ನಿನ್ನನ್ನ ನನ್ನ ಕೈಗೆ ಕೊಟ್ಟಿದಾಳೆ. ಕಳೆದುಹೋದ್ರೆ ಅವಳಿಗೆ ಯಾರು ಉತ್ತರ ಕೊಡ್ತಾರೆ? ನನಗೆ ತೋಳಕ್ಕಿಂತ ಅವಳ ಭಯ ಜಾಸ್ತಿ. ಹಿಂದಕ್ಕೆ ನಡಿ!"

ಓತೆಗೆನ್ ರೇಗಿಬಿಟ್ಟ. "ನಮ್ಮಪ್ಪನ್ನ ಯಾಕೆ ಅಷ್ಟು ಬೈತೀಯಾ ಅಜ್ಜಾ? ತಪ್ಪು ಮಾಡಿದ್ದು ನಾನು. ನನ್ನನ್ನ ಬೈ!"

ಮುದುಕ ಕತ್ತೆಯ ಕಿವಿ ಸವರಿದ. ಗಾಳಿಗೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತೋ ಏನೋ. "ತೊಲೆಪ್ ನನ್ನ ಜೊತೆ ಒಂದೇ ಗುಡಾರದಲ್ಲಿ ಬೆಳೆದೋನು," ಎಂದ. "ಅವನಿಗೆ ಗೋರಿ ಇಲ್ಲ, ಬಾವಿಯಾದ್ರೂ ಆಗ್ಲಿ ಅಂತ ನಾನೇ ಎದ್ದು ಹೆಸರಿಟ್ಟೆ. ನನ್ನ ಬಾಯಿಂದ್ಲೇ ಅವನ ಹೆಸರು ಕೆಟ್ಟಿತು. ಆ ಸಿಟ್ಟನ್ನ ಯಾರ ಮೇಲೆ ಕಾರಲಿ ಹೇಳು? ನಾನು ಉಗುಳಿದಾಗ ನೀನು ಅಳ್ತಾ ನಿಂತಿದ್ದೆ, ನಿನ್ನ ಮೇಲೆ ಕಾರೋಕಾಗ್ಲಿಲ್ಲ. ಅವನು ಸತ್ತಿದ್ದ, ಅವನ ಮೇಲೆ ಕಾರಿದೆ."

ಅದಾದ ಮೇಲೆ ಓತೆಗೆನ್ ಬಾವಿಯ ಕಡೆ ಹೊರಡಲಿಲ್ಲ. ನಿಂತಲ್ಲೇ ಕಾಲು ಕುಣಿಸುತ್ತಿದ್ದ, ಉಗುರು ಕಚ್ಚುತ್ತಿದ್ದ, ಆದರೆ ಹೊರಡಲಿಲ್ಲ.

ಹಿಮ ಕರಗಿತು. ಬಂದು ನೋಡಿದರೆ ಬಾಲ್ಜಾನ್ ಸೊರಗಿಹೋಗಿದ್ದಳು, ಕೈಯೆಲ್ಲ ಜೇಡಿಗೆ ಬಿರಿದಿತ್ತು. ಚಳಿಗಾಲವಿಡೀ ಗುಡಾರದೊಳಗೆ ಜೇಡಿ ಬೆಚ್ಚಗಿಟ್ಟು, ಕದಡಿ, ಚೀಲ ಚೀಲವಾಗಿ ಇಳಿಸಿದ್ದಳು. ಮೇಲೆ ಮರಳು, ಅದರ ಮೇಲೆ ಭಾರಕ್ಕೆ ಚಿಪ್ಪುಗಲ್ಲಿನ ಚಪ್ಪಡಿಗಳನ್ನು ಹಗ್ಗದಲ್ಲಿ ಮೆಲ್ಲಗೆ ಬಿಟ್ಟಿದ್ದಳು. ಅವನು ಅವಳ ಕೈ ಹಿಡಿದುಕೊಂಡು ಏನೋ ಹೇಳಲು ಹೋದ. ಅವಳು "ಮೊದಲು ಒಂಟೆ ಕಟ್ಟಿ," ಎಂದಳು. ಇಬ್ಬರೂ ಸೇರಿ ಕಹಿನೀರನ್ನು ಬಕೆಟ್ಟು ಬಕೆಟ್ಟಾಗಿ ಎಳೆದು ಬಯಲಿಗೆ ಚೆಲ್ಲಿದರು. ಬಾವಿ ಬರಿದಾಯಿತು. ಬಗ್ಗಿ ನೋಡಿದರು; ತಳದಿಂದ ಏನೂ ಏಳಲಿಲ್ಲ. ಹೊತ್ತು ಇಳಿಯುವ ವೇಳೆಗೆ ಪಕ್ಕದ ಬಿಳಿ ಮಣ್ಣಿನಿಂದ ತೇವ ಜಿನುಗಿತು. ಅದು ಕಾಲುಬೆರಳು ಮುಚ್ಚುವಷ್ಟಾಯಿತು, ಮುಂದೆ ಮೊಣಕಾಲಿನಷ್ಟಾಯಿತು, ಅಲ್ಲಿಗೆ ನಿಂತಿತು.

ರುಚಿ ನೋಡಲು ಇಬ್ಬರಿಗೂ ಧೈರ್ಯವಿಲ್ಲ. ನಾಲಿಗೆ ಆಸೆಗೆ ಬಿದ್ದು ಸುಳ್ಳು ಹೇಳಿದರೆ? ಅಷ್ಟರಲ್ಲಿ ಇಜ್ಬಾಸರ್ ಮಂದೆಯನ್ನೇ ಹೊಡೆದುಕೊಂಡು ಬಂದ, ಮರಿ ಹಾಕಲಿದ್ದ ಕುರಿಗಳ ಸಮೇತ. ಕುರಿಗೆ ಮುಲಾಜಿಲ್ಲ. ಕಹಿಯಾದರೆ ಮೂತಿ ತಿರುಗಿಸುತ್ತದೆ, ಬಾಯಾರಿ ಕಂಗೆಟ್ಟಿದ್ದರೆ ಮಾತ್ರ ಮೋಸಹೋಗುತ್ತದೆ. ಮುದುಕ ಅವುಗಳಿಗೆ ಬೆಳಿಗ್ಗೆಯೇ ಹಿಮದ ನೀರು ಕುಡಿಸಿ ತಂದಿದ್ದ.

"ನನ್ನ ಒಂದು ಕುರಿಗೆ ಹೊಟ್ಟೆ ಕೆಟ್ರೂ ನಿನ್ನನ್ನ ಹುಲ್ಲಿಗೆ ಕಟ್ಟಿ ಮೇಯಿಸ್ತೀನಿ," ಎಂದ.

ಕಲ್ಲುತೊಟ್ಟಿಗೆ ನೀರು ಸುರಿದರು. ಮಂದೆಯ ಮುಂದಾಳು ಹೋತ ಬಂದು ಮೂಸಿತು. ತಲೆ ಎತ್ತಿ ಓತೆಗೆನನನ್ನು ನೋಡಿತು. ಅವನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಬಾಲ್ಜಾನ್ ಅವನ ನಿಲುವಂಗಿಯ ತೋಳನ್ನು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡಳು. ಹೋತ ಮೂತಿ ಇಳಿಸಿ ಕುಡಿಯತೊಡಗಿತು. ಹಿಂದಿನಿಂದ ಕುರಿಗಳು ಒತ್ತಿಕೊಂಡು ಬಂದು ತೊಟ್ಟಿಯ ಎರಡೂ ಬದಿಗೆ ಸಾಲುಗಟ್ಟಿದವು. ಎಲ್ಲ ಕುಡಿದವು.

ಇಜ್ಬಾಸರ್ ತಾನೂ ಬೊಗಸೆಯಲ್ಲಿ ಎತ್ತಿ ಕುಡಿದ. ಒರೆಸಿಕೊಂಡ. ಮೊಣಕಾಲು ನೋವೆಂದು ಗೊಣಗಿದ, ಕತ್ತೆಯ ಜೀನು ಬಿಗಿದ, ಹತ್ತಲು ಹೊರಟ. ಅಷ್ಟೇ. ಓತೆಗೆನನಿಗೆ ತಡೆಯಲಾಗಲಿಲ್ಲ, ಹಿಂದೆಯೇ ಓಡಿದ.

"ಅಜ್ಜಾ! ನೀರು ಹೇಗಿತ್ತು?"

"ಹೇಗಿತ್ತು ಅಂದ್ರೆ? ನೀರಿನ ಹಾಗಿತ್ತು."

"ಅಷ್ಟೇನಾ? ಏನೂ ಹೇಳೋದಿಲ್ವಾ?"

ಮುದುಕ ಜೀನಿನ ಮೇಲಿಂದ ಕೈ ತೆಗೆದ. "ಏನು ಹೇಳಲಿ? ಇಷ್ಟು ವರ್ಷ ದಿನಾ ಶಪಿಸಿದೀನಿ ಕಣೋ. ಅದೆಲ್ಲ ಅವನ ಮೇಲೆ ಪದರ ಪದರವಾಗಿ ಬಿದ್ದಿದೆ. ಒಂದು ಮಾತಲ್ಲಿ ಹೇಗೆ ತೆಗೀಲಿ? ನಾಚಿಕೆ ಆಗುತ್ತೆ ನನಗೆ. ಬದುಕಿರೋವರೆಗೂ ದಿನಾ ಇಲ್ಲಿಗೆ ಬರ್ತೀನಿ, ದಿನಾ ಒಂದೊಂದು ಹೇಳ್ತೀನಿ. ಆಗಬಹುದಾ?"

ಆಮೇಲೆ ಅವನು ಬಾವಿಯ ಕಡೆ ತಿರುಗಿ, ಒದ್ದೆ ಅಂಗೈಗಳನ್ನು ಮುಖದ ಮೇಲೆ ಸವರಿಕೊಂಡು, "ತೊಲೆಪ್, ನಿನ್ನ ಆತ್ಮ ತಂಪಾಗಿರಲಿ ಕಣಯ್ಯಾ," ಎಂದ.

ಓತೆಗೆನ್ ಅಲ್ಲೇ ನೆಲಕ್ಕೆ ಕುಸಿದು "ಅಪ್ಪಾ" ಎಂದು ಬಯಲೆಲ್ಲ ಕೇಳುವಂತೆ ಬಾಯಿಬಿಟ್ಟು ಅತ್ತ. ತೊಟ್ಟಿಯ ಬಳಿ ಕುರಿಗಳು ಬೆಚ್ಚಿ ತಲೆ ಎತ್ತಿದವು.

"ಮೆಲ್ಲಗೆ ಅಳೋ," ಎಂದ ಇಜ್ಬಾಸರ್, ಮೂಗು ಒರೆಸಿಕೊಳ್ಳುತ್ತ, "ನನ್ನ ಕುರಿ ನೀರು ಬಿಟ್ಟು ಓಡ್ತವೆ."